ಕಿಂಗ್‌ಸ್ಟನ್ 8 ಜಿಬಿ ಲ್ಯಾಪ್‌ಟಾಪ್ ರ್‍ಯಾಮ್: ಮಲೆನಾಡಿನ ಮಳೆ ತಡೆದಿದೆ, ವಾರಂಟಿಯೂ ಉಳಿದಿದೆ

ರ್‍ಯಾಮ್ ಬಗ್ಗೆ ಒಂದೇ ಒಂದು ದೂರಿಲ್ಲ. ಬೋರ್ಡಿಗೇ ಬೆಸೆದ 8 ಜಿಬಿ ಜೊತೆ ಖಾಲಿ ಸ್ಲಾಟಿಗೆ ಇದನ್ನು ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಮೆಮೊರಿ ಒಟ್ಟಿಗೆ ಕೆಲಸ ಮಾಡುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಅಡಿಕೆ ಧಾರಣೆ, ಟ್ಯಾಲಿ, ವಾಟ್ಸಾಪ್ ಎಲ್ಲ ಒಟ್ಟಿಗೆ ತೆರೆದರೂ ತಡವರಿಸುವುದಿಲ್ಲ. ಡಿಡಿಆರ್4 ಮಾದರಿ ಕೊಳ್ಳುವಾಗ ಲೇಬಲ್ ಮೇಲೆ ಚಿಪ್ ಜೋಡಣೆ ಹೇಳುವ ಗುರುತು 1ಆರ್×8 ಅಂತ ಇದೆಯೇ ನೋಡಿ. 1ಆರ್×16 ಆದರೆ ಚಿಪ್ಪಿನೊಳಗಿನ ಮೆಮೊರಿ ಗುಂಪುಗಳು (ಬ್ಯಾಂಕ್ ಗ್ರೂಪ್) 4ರ ಬದಲು 2, ವೇಗ ತುಸು ಕಡಿಮೆ.

ಇದನ್ನು ನೀವೇ ಹಾಕುವ ಕೆಲಸ ಕಷ್ಟದ್ದಲ್ಲ, ಅವಸರ ಮಾತ್ರ ಬೇಡ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಡಿ. ಕೆಳಮುಚ್ಚಳ ಬಿಡಿಸಲು ಹಳೇ ಸಿಮ್ ಕಾರ್ಡ್ ಸಾಕು, ಚಾಕು ತಾಗಿಸಲೇಬೇಡಿ. ಒಳಗೆ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ರ್‍ಯಾಮನ್ನು ಸುಮಾರು 30 ಡಿಗ್ರಿ ಓರೆಯಲ್ಲಿ, ಚಿನ್ನದ ಬಣ್ಣದ ಅಂಚು ಹೆಚ್ಚುಕಡಿಮೆ ಮರೆಯಾಗುವವರೆಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಅರ್ಧ ಕೂತಿದ್ದರೂ ಕ್ಲಿಪ್ ಕೆಲವೊಮ್ಮೆ ಟಕ್ ಅನ್ನುತ್ತದೆ, ಆದರೆ ಸ್ಕ್ರೀನ್ ಬರುವುದಿಲ್ಲ. ಸರಿಯಾಗಿ ಕೂತಿದ್ದರೂ ಮೊದಲ ಸಲ ಆನ್ ಮಾಡಿದಾಗ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಮೆಮೊರಿ ಹೊಂದಿಸಿಕೊಳ್ಳುತ್ತಿರುತ್ತದೆ, ಪವರ್ ಬಟನ್ ಒತ್ತಬೇಡಿ. ಆ ರಾತ್ರಿ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ಎರರ್ ಬಂದರೂ ರ್‍ಯಾಮ್ ವಾಪಸ್ ಕೊಡಿ.

ಬೇಸರ ತರುವುದು ಸರ್ವಿಸ್ ಕೌಂಟರ್. ಕೀಬೋರ್ಡ್ ಕೆಟ್ಟಿದೆ ಅಂತ ಹೋದರೂ "ನೀವೇ ಬಿಚ್ಚಿದ್ದೀರಿ, ವಾರಂಟಿ ಹೋಯ್ತು" ಅನ್ನುವ ಮಾತು ಎದುರಾಗುತ್ತದೆ. ಇದು ಎಲ್ಲ ಮಾದರಿಗೂ ಅನ್ವಯಿಸುವ ನಿಯಮವಲ್ಲ. ಯೂಸರ್ ಗೈಡ್‌ನಲ್ಲಿ ಗ್ರಾಹಕರೇ ಬದಲಿಸಬಹುದಾದ ಭಾಗಗಳ ಪಟ್ಟಿ, ಅಂದರೆ ಸಿಆರ್‌ಯು, ಇದೆಯೇ ನೋಡಿ. ಅದರಲ್ಲಿ ಮೆಮೊರಿ ಇದ್ದರೆ ಆ ಪುಟವನ್ನು ಪ್ರಿಂಟ್ ತೆಗೆದು ಬಿಲ್ ಜೊತೆ ಇಡಿ. ಪಟ್ಟಿ ಇಲ್ಲದಿದ್ದರೆ, ಅಥವಾ ಸ್ಕ್ರೂ ಮೇಲೆ ಸೀಲ್ ಸ್ಟಿಕರ್ ಇದ್ದರೆ, ಬಿಚ್ಚುವ ಮೊದಲೇ ಕಂಪನಿಗೆ ಇಮೇಲ್ ಮಾಡಿ. ಫೋನಿನಲ್ಲಿ ಕೊಟ್ಟ ಭರವಸೆ ಕೌಂಟರಿನಲ್ಲಿ ನಡೆಯುವುದಿಲ್ಲ. ಬಿಚ್ಚುವಾಗ ಕ್ಲಿಪ್ಪೋ ಸ್ಲಾಟೋ ಮುರಿದರೆ ಮಾತ್ರ ಖರ್ಚು ನಿಮ್ಮದೇ, ಅದರಲ್ಲಿ ಅನ್ಯಾಯವೇನಿಲ್ಲ. ರಿಪೇರಿಗೆ ಕೊಡುವ ಮುನ್ನ ಹೊಸ ರ್‍ಯಾಮ್ ತೆಗೆದು ನೋಡಿ. ತೊಂದರೆ ಹಾಗೇ ಇದ್ದರೆ ತಪ್ಪು ರ್‍ಯಾಮಿನದಲ್ಲ ಅಂತ ಅಲ್ಲೇ ತೋರಿಸಬಹುದು. ಕೇಳಿದರೆ ಹಾಕಿದ್ದನ್ನು ಮುಚ್ಚಿಡಬೇಡಿ. ರ್‍ಯಾಮಿಗೆ ಕಿಂಗ್‌ಸ್ಟನ್ನಿನ ವಾರಂಟಿ ಬೇರೆಯೇ ಇದೆ, ಅದರ ಬಿಲ್ಲನ್ನೂ ಜೋಪಾನ ಮಾಡಿ.

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಇನ್ನೊಂದು ಮಾತು. ಜಡಿಮಳೆಯಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಮಷೀನ್ ಒಮ್ಮೊಮ್ಮೆ ಸ್ಕ್ರೀನ್ ಬಾರದೆ ಲೈಟ್ ಮಾತ್ರ ಮಿನುಗಿಸುತ್ತದೆ. ರ್‍ಯಾಮ್ ಹೊರತೆಗೆದು, 99% ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಅಂಚು ಒರೆಸಿ, ಆರಿದ ಮೇಲೆ ಹಾಕಿದರೆ ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಡಿ. ಚಿನ್ನದ ಲೇಪ ಸವೆಯುತ್ತದೆ, ಪುಡಿ ಸ್ಲಾಟಿನಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಡಿ. ಆ ಬಿಸಿಗೇ ಒಳಗಿನ ಥಂಡಿ ಆರುತ್ತದೆ.