ಯುಕ್ಕಾ ಗಿಡ: ಹಲವು ವರ್ಷ ಹೊರಗೆ ಬೆಳೆಸಿದ ಮೇಲೆ

ಹೂವಿಗಾಗಿ ಯುಕ್ಕಾ ತಗೊಳ್ಳೋಣ ಅಂತಿದ್ದೀರಾ? ಯಾವ ಯುಕ್ಕಾ ಅಂತ ಮೊದಲು ಕೇಳಿ. ನರ್ಸರಿಯವರು ಸುಮ್ನೆ 'ಯುಕ್ಕಾ' ಅಂತ ಚೀಟಿ ಸಿಕ್ಕಿಸಿ ಕೊಟ್ಟುಬಿಡುತ್ತಾರೆ, ಆದರೆ ಇದರಲ್ಲಿ 40ರ ಆಸುಪಾಸು ಜಾತಿಗಳಿವೆ. ದಪ್ಪ ಕಾಂಡದ, ಮನೆಯೊಳಗೆ ಇಡೋಕೆ ಅಂತ ಮಾರುವ ಜಾತಿ ಕುಂಡದಲ್ಲಿ ಹೂ ಬಿಡುವುದು ತೀರಾ ಅಪರೂಪ. ನನ್ನದು ಫಿಲಮೆಂಟೋಸಾ. ಕಾಂಡ ಕಾಣುವುದೇ ಇಲ್ಲ, ನೆಲದಿಂದಲೇ ಎಲೆ ಸುತ್ತಿಕೊಂಡು ಏಳುತ್ತದೆ. ಎಲೆಯ ಅಂಚಿನಿಂದ ಬಿಳಿ ಎಳೆಗಳು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿರುತ್ತವೆ, ಗುರುತು ಹಿಡಿಯೋಕೆ ಅಷ್ಟು ಸಾಕು. ಮೈನಸ್ 25 ಡಿಗ್ರಿ ಚಳಿಯನ್ನೂ ತಡೆದುಕೊಳ್ಳುವ ಜಾತಿ ಇದು.

ಆರೈಕೆ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ದಿನವಿಡೀ ಬಿಸಿಲು ಬೇಕು, ನೀರು ನಿಲ್ಲದ ಮಣ್ಣು ಬೇಕು. ಅಂಟು ಮಣ್ಣಾದರೆ ಮರಳು, ಜಲ್ಲಿ ಬೆರೆಸಿ ದಿಬ್ಬ ಮಾಡಿ ನೆಡಿ. ಬೇರೂರಿದ ಮೇಲೆ ನೀರು ಮರೆತರೂ ಬೇಜಾರಿಲ್ಲ. ಜಾಸ್ತಿ ಹಾಕಿದರೆ ಮಾತ್ರ ಬುಡ ಕೊಳೆಯುತ್ತದೆ.

ಇನ್ನು ಹೂವು. ಮೊದಲ ಕೆಲವು ವರ್ಷ ಬರೀ ಎಲೆ, ಎಲೆ, ಎಲೆ. ಕಿತ್ತು ಬಿಸಾಡಬೇಕು ಅನ್ನಿಸುತ್ತದೆ, ಬಿಸಾಡಬೇಡಿ. ಒಂದು ಬೇಸಿಗೆಯ ಶುರುವಿನಲ್ಲಿ ನಟ್ಟನಡುವಿನಿಂದ ಹೆಬ್ಬೆರಳಿಗಿಂತ ದಪ್ಪನೆಯ ಮೊಳಕೆ ಎದ್ದಿತು, ಬೆಳಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ವ್ಯತ್ಯಾಸ ಕಾಣುವಷ್ಟು ಜೋರಾಗಿ ಬೆಳೆದು ಕೊನೆಗೆ ನನ್ನ ತಲೆಯನ್ನೂ ದಾಟಿತು. ಅದರ ತುಂಬಾ ಕೆಳಮುಖವಾಗಿ ತೂಗುವ ಕೆನೆ ಬಣ್ಣದ ಗಂಟೆಗಳು. ಆರು ದಳ, ಮುಟ್ಟಿದರೆ ಮೇಣ ಸವರಿದ ಹಾಗೆ ದಪ್ಪ. ಹಗಲು ಅರ್ಧ ಮುಚ್ಚಿಕೊಂಡು ಸಪ್ಪೆಯಾಗಿರುತ್ತವೆ. ಕತ್ತಲಾದ ಮೇಲೆ ಹೋಗಿ ನೋಡಿ, ಬಾಯಿ ಅಗಲಿಸಿಕೊಂಡು ನವಿರಾಗಿ ಘಮ ಬಿಡುತ್ತಿರುತ್ತವೆ.

ರಾತ್ರಿಯೇ ಯಾಕೆ ಅಂದರೆ ಇದರ ಗೆಳೆಯ ಒಂದು ಪುಟ್ಟ ಬಿಳಿ ಪತಂಗ. ಹೆಣ್ಣು ಪತಂಗ ಪರಾಗವನ್ನು ಉಂಡೆ ಕಟ್ಟಿ ತಂದು, ಹೂವಿನ ಅಂಡಾಶಯದಲ್ಲಿ ಮೊಟ್ಟೆಯಿಟ್ಟು, ಆಮೇಲೆ ಪರಾಗವನ್ನು ಶಲಾಕಾಗ್ರದೊಳಗೆ (ಹೂವಿನಲ್ಲಿ ಪರಾಗ ಸೇರಬೇಕಾದ ತುದಿ) ತಾನೇ ತುರುಕುತ್ತದೆ. ಮರಿಹುಳಕ್ಕೆ ಒಂದಷ್ಟು ಬೀಜ ಊಟ, ಉಳಿದದ್ದು ಗಿಡಕ್ಕೆ. ಲೆಕ್ಕ ಚುಕ್ತಾ! 1872ರಲ್ಲಿ ಸಸ್ಯಶಾಸ್ತ್ರಜ್ಞ ಜಾರ್ಜ್ ಎಂಗಲ್‌ಮನ್ ಈ ನಂಟನ್ನು ಗಮನಿಸಿದರು. ಈ ಪತಂಗ ಇರುವುದು ಯುಕ್ಕಾದ ತವರಾದ ಅಮೆರಿಕ ಖಂಡದಲ್ಲಿ ಮಾತ್ರ, ಹಾಗಾಗಿ ಬೇರೆ ಕಡೆ ಫಿಲಮೆಂಟೋಸಾ ಎಷ್ಟೇ ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಬೀಜ ಬೇಕೇ ಬೇಕು ಅಂದರೆ ಸಣ್ಣ ಕುಂಚದಿಂದ ನೀವೇ ಪತಂಗದ ಕೆಲಸ ಮಾಡಬೇಕು. ನನಗೆ ಬೇಕಾಗಿಲ್ಲ, ಬುಡದಲ್ಲಿ ಮರಿಗಳು ಬೇಕಾದಷ್ಟು ಬರುತ್ತವೆ.

ಹೂ ಬಿಟ್ಟ ಎಲೆಗಳ ಸುತ್ತು ಆಮೇಲೆ ನಿಧಾನವಾಗಿ ಒಣಗುತ್ತದೆ. ಗಾಬರಿ ಬೇಡ, ಅದರ ಸ್ವಭಾವವೇ ಅಷ್ಟು. ಪಕ್ಕದ ಮರಿಗಳು ಬೆಳೆದು ತಮ್ಮ ಸರದಿ ಬಂದಾಗ ಹೂ ಬಿಡುತ್ತವೆ, ಅದಕ್ಕೇ ಒಂದೊಂದು ವರ್ಷ ರಜೆ. ಎಳೆ ಹೂದಂಡಿಗೆ ಸಸ್ಯಹೇನು ಮುತ್ತುವುದುಂಟು, ಪೈಪ್ ಹಿಡಿದು ನೀರು ಹೊಡೆದರೆ ಉದುರುತ್ತವೆ.

5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಎಲೆಯ ಮೊನೆಗೆ. ಬುಡದ ಕಳೆ ಕೀಳೋಕೆ ಬಗ್ಗಿದರೆ ನೇರ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಕನ್ನಡಕ ಹಾಕಿಕೊಳ್ಳಿ, ಓಡಾಡುವ ದಾರಿ ಪಕ್ಕ ನೆಡಬೇಡಿ. ನಾಯಿ, ಬೆಕ್ಕು ಗಿಡ ಕಚ್ಚುವ ಅಭ್ಯಾಸದವಾದರೆ ತರಲೇಬೇಡಿ, ಇದರಲ್ಲಿರುವ ಸಪೋನಿನ್ ಅನ್ನೋ ರಾಸಾಯನಿಕ ಅವಕ್ಕೆ ವಿಷ.