ಅಜ್ಜಿಯ ಟ್ರಂಕಿಗೆ ಎಪ್ಸನ್ ವಿ600 ಸಾಕೇ?

ಸೈನಿಕನ ಕೈಹಿಡಿದು ಊರಿಂದೂರಿಗೆ ಸಂಸಾರ ಎತ್ತಿಕೊಂಡು ಓಡಾಡಿ, ಮೊಮ್ಮಕ್ಕಳನ್ನು ಕಂಡು, ಪ್ರಾರ್ಥನಾ ಪುಸ್ತಕವನ್ನು ಕೊನೆಯವರೆಗೂ ದಿಂಬಿನ ಬಳಿ ಇಟ್ಟುಕೊಂಡಿದ್ದ ಅಜ್ಜಿ. ಅವರ ನೆನಪಿನ ಪುಸ್ತಕ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಸ್ಕ್ಯಾನರ್ ಕೊಳ್ಳೋಣ ಎಂದು. ಅದಕ್ಕೂ ಮೊದಲು ಟ್ರಂಕು ತೆರೆದು ನೋಡಬೇಕು. ಗಂಡನ ಬದುಕು ಸೇನೆಯ ಕಡತದಲ್ಲಿ ಭದ್ರವಾಗಿರುತ್ತದೆ: ಸೇರಿದ ದಿನ, ದರ್ಜೆ, ಪದಕ, ವರ್ಗಾವಣೆ. ಹೆಂಡತಿಗೆ ಅಂಥ ಕಡತ ಇಲ್ಲ. ಯಾವ ವರ್ಷ ಎಲ್ಲಿ ಮನೆ ಮಾಡಿದ್ದರು ಎಂಬುದಕ್ಕೆ ಉಳಿದಿರುವ ಸಾಕ್ಷಿ ಲಕೋಟೆಯ ಮೇಲಿನ ವಿಳಾಸ, ಅಂಚೆ ಮುದ್ರೆ, ಫೋಟೊದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ನಾಲ್ಕು ಪದ. ಈ ವಿಮರ್ಶೆಯಲ್ಲಿ ಎಪ್ಸನ್ ಪರ್ಫೆಕ್ಷನ್ ವಿ600 ಫೋಟೊ ಸ್ಕ್ಯಾನರನ್ನು ಆ ಸಾಮಾನುಗಳ ಮೇಲಿಟ್ಟೇ ತೂಗಿದೆ.

ಇದು ಎ4 ಅಳತೆಯ ಗಾಜಿನ ಸ್ಕ್ಯಾನರ್. ಮುಚ್ಚಳದೊಳಗೆ ಇನ್ನೊಂದು ದೀಪವಿರುವುದರಿಂದ ನೆಗೆಟಿವ್, ಸ್ಲೈಡ್‌ಗಳನ್ನೂ ಓದುತ್ತದೆ. ಬೆಳಕು ಎಲ್‌ಇಡಿಯದು, ಬಿಸಿಯಾಗಲಿ ಎಂದು ಕಾಯಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಇದರ ಸಂವೇದಕ ಸಿಸಿಡಿ, ಅಂದರೆ ಮಸೂರದ ಮೂಲಕ ಚಿತ್ರ ಹಿಡಿಯುವ ಬಗೆಯದು. ತೆಳ್ಳಗಿನ ಅಗ್ಗದ ಸ್ಕ್ಯಾನರುಗಳಲ್ಲಿರುವ ಸಿಐಎಸ್ ಸಂವೇದಕಕ್ಕೆ ಗಾಜಿಗೆ ಅಂಟಿಕೊಂಡದ್ದು ಮಾತ್ರ ಸ್ಪಷ್ಟ. ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಹಳೆಯ ಫೋಟೊ ಯಾವುದೂ ಚಪ್ಪಟೆಯಾಗಿ ಮಲಗುವುದಿಲ್ಲ, ಅಂಚು ಸುರುಳಿ ಸುತ್ತಿರುತ್ತದೆ. ಅದನ್ನು ಒತ್ತಿ ಹಿಡಿದರೆ ಮೇಲಿನ ಲೇಪ ಬಿರಿಯುತ್ತದೆ. ಒತ್ತದೆಯೂ ಸ್ಪಷ್ಟವಾಗಿ ಬರುವುದು ಸಿಸಿಡಿಯಲ್ಲೇ. ಪದಕ, ಜಪಮಾಲೆಯಂಥ ಉಬ್ಬು ವಸ್ತುಗಳನ್ನೂ ಇದರ ಮೇಲಿಡಬಹುದು. ಗಾಜಿಗೆ ಗೀರು ಬೀಳದಂತೆ ಕೆಳಗೊಂದು ಪಾರದರ್ಶಕ ಹಾಳೆ, ಮುಚ್ಚಳದ ಬದಲು ಮೇಲೊಂದು ಕಪ್ಪು ಬಟ್ಟೆ ಇದ್ದರಾಯಿತು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ 6400 ಡಿಪಿಐ (ಒಂದು ಇಂಚಿನಲ್ಲಿ ಓದುವ ಚುಕ್ಕೆಗಳ ಸಂಖ್ಯೆ) ನೋಡಿ ಮರುಳಾಗಬೇಡಿ. ಫಿಲ್ಮಿನ ಮೇಲೆ ಅಳೆದು ನೋಡಿದವರಿಗೆ ನಿಜವಾಗಿ ಸಿಗುವ ವಿವರ ಅದರ ಕಾಲು ಭಾಗದ ಆಸುಪಾಸು. 35 ಎಂಎಂ ನೆಗೆಟಿವಿನ ಒಂದು ಚೌಕಟ್ಟನ್ನು 6400ರಲ್ಲಿ ತೆಗೆದರೆ 24-ಬಿಟ್ ಬಣ್ಣದ ಟಿಫ್ (ವಿವರ ಕಳೆಯದೆ ಚಿತ್ರ ಉಳಿಸುವ) ಕಡತ 160 ಎಂಬಿ ದಾಟುತ್ತದೆ. ಕಣ್ಣಿಗೆ ಕಾಣುವ ಲಾಭ ಏನೂ ಇಲ್ಲ. 2400 ಸಾಕು, ಸುಮಾರು 3400 × 2270 ಪಿಕ್ಸೆಲ್ ಬರುತ್ತದೆ. ಮುದ್ರಿತ ಫೋಟೊಗಳಿಗೆ 600. ಎರಡು-ಮೂರು ಇಂಚಿನ ಪುಟ್ಟ ಕಪ್ಪು-ಬಿಳುಪು ಚಿತ್ರಗಳಿಗೆ ಮಾತ್ರ 1200 ಇಡಿ, ಅದಕ್ಕೆ ಕಾರಣವಿದೆ. ಮದುವೆಯ ಚಿತ್ರದಲ್ಲಿ ವರನ ತೋಳಿನ ಪಟ್ಟಿ, ಹೆಗಲ ಮೇಲಿನ ದರ್ಜೆಯ ಗುರುತು, ಎದೆಯ ರಿಬ್ಬನ್ ಓದಲು ಸಿಕ್ಕರೆ ಚಿತ್ರ ಯಾವ ಕಾಲದ್ದು ಎಂದು ಸೇವಾ ದಾಖಲೆಯೊಂದಿಗೆ ಹೊಂದಿಸಿ ಹೇಳಬಹುದು. ಪಕ್ಕದಲ್ಲಿ ನಿಂತ ಅಜ್ಜಿಯ ವಯಸ್ಸು, ಆಗ ಅವರಿದ್ದ ಊರು ಗೊತ್ತಾಗುವುದೂ ಆ ಗುರುತಿನಿಂದಲೇ.

ಎಪ್ಸನ್ ಸ್ಕ್ಯಾನ್ ತಂತ್ರಾಂಶ ತಾನಾಗಿ ಮಾಡುವ ಕೆಲಸ ಮೇಲ್ನೋಟಕ್ಕೆ ಅನುಕೂಲ, ಈ ಕೆಲಸಕ್ಕೆ ಮಾತ್ರ ಕಂಟಕ. ಗಾಜಿನ ಮೇಲೆ ಮೂರ್ನಾಲ್ಕು ಫೋಟೊ ಹರಡಿದರೆ ಒಂದೊಂದನ್ನೂ ಗುರುತಿಸಿ ತಾನೇ ಕತ್ತರಿಸುತ್ತದೆ. ಹಾಗೆ ಕತ್ತರಿಸುವಾಗ ಬಿಳಿ ಅಂಚನ್ನೂ ಹಾರಿಸಿಬಿಡುವುದುಂಟು. 1950–60ರ ದಶಕದ ಎಷ್ಟೋ ಫೋಟೊಗಳಲ್ಲಿ ತಿಂಗಳು, ವರ್ಷ ಅಚ್ಚಾಗಿರುವುದು ಆ ಅಂಚಿನಲ್ಲೇ. (ಅದು ಪ್ರಿಂಟು ಹಾಕಿದ ತಿಂಗಳು, ಕ್ಯಾಮೆರಾ ಕ್ಲಿಕ್ಕಿಸಿದ್ದು ಅದಕ್ಕಿಂತ ಎಷ್ಟೋ ಹಿಂದೆ ಇರಬಹುದು. ರೋಲು ಮುಗಿಯುವವರೆಗೆ ಡೆವಲಪ್ ಮಾಡಿಸದ ಕಾಲ.) ಹಾಗಾಗಿ ಪ್ರೊಫೆಷನಲ್ ಮೋಡ್‌ಗೆ ಹೋಗಿ ಚೌಕಟ್ಟನ್ನು ಕೈಯಲ್ಲೇ ಎಳೆಯಿರಿ, ಫೋಟೊದ ಸುತ್ತ ಕಾಲಿಂಚು ಖಾಲಿ ಜಾಗ ಸೇರಲಿ. ಗಾಜಿನ ತುದಿಗೆ ತಾಗಿಸಿ ಇಡಬೇಡಿ, ಕಾಲಿಂಚಿಗಿಂತ ತುಸು ಹೆಚ್ಚೇ ಒಳಕ್ಕಿರಲಿ. ಅನ್‌ಶಾರ್ಪ್ ಮಾಸ್ಕ್ (ಚಿತ್ರವನ್ನು ಚೂಪಾಗಿಸುವ ಆಯ್ಕೆ), ಬಣ್ಣ ಮರುಕಳಿಸುವ ಆಯ್ಕೆ, ದೂಳು ತೆಗೆಯುವ ಆಯ್ಕೆ ಎಲ್ಲ ಬಂದ್. ಅವನ್ನೆಲ್ಲ ಆಮೇಲೆ ಪ್ರತಿಯ ಮೇಲೆ ಮಾಡಿಕೊಳ್ಳಬಹುದು; ಮೂಲ ಟಿಫ್ ಇದ್ದಂತೆಯೇ ಇರಬೇಕು.

ಕಪ್ಪು-ಬಿಳುಪು ಚಿತ್ರವನ್ನೂ ಹಳೆಯ ಪತ್ರವನ್ನೂ 24-ಬಿಟ್ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ (ಚಾನೆಲ್) ಇರುತ್ತವೆ. ಕಾಗದ ಹಳದಿಗಟ್ಟಿದ ಕಲೆ ನೀಲಿ ಚಾನೆಲ್ಲಿನಲ್ಲಿ ಢಾಳಾಗಿಯೂ ಕೆಂಪು ಚಾನೆಲ್ಲಿನಲ್ಲಿ ಮಂಕಾಗಿಯೂ ಕಾಣುತ್ತದೆ. ಮಾಸಿದ ನೀಲಿ ಶಾಯಿಯದು ಇದಕ್ಕೆ ತಿರುವುಮುರುವು, ಕೆಂಪಿನಲ್ಲಿ ಕಪ್ಪಾಗಿ ಎದ್ದು ಬರುತ್ತದೆ. ಓದಲಾಗದು ಎಂದು ಬದಿಗಿಟ್ಟ ಪತ್ರ, ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡಾಗ, ಎಷ್ಟೋ ಸಲ ಓದಲು ಬರುತ್ತದೆ. ಗ್ರೇಸ್ಕೇಲಿನಲ್ಲಿ ತೆಗೆದವರು ಆ ಅವಕಾಶ ಕಳೆದುಕೊಂಡಂತೆ.

ಯುದ್ಧಭೂಮಿಯಿಂದ ಬಂದ ಪತ್ರಗಳ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ವಿ600ರ ಮುಚ್ಚಳದ ಒಳಮೈ ಬಿಳಿ ಹಾಸು, ಅದರ ಮುಂದೆ ಹಿಂಬದಿಯ ಬರಹವೂ ಈಚೆ ಕಾಣಿಸಿ ಎರಡೂ ಕಲಸಿಹೋಗುತ್ತವೆ. ಪತ್ರದ ಮೇಲೊಂದು ಕಪ್ಪು ಹಾಳೆ ಇಟ್ಟು ಮುಚ್ಚಿದರೆ ಆ ತೊಂದರೆ ಬಹುಪಾಲು ಹೋಗುತ್ತದೆ. ಸೆನ್ಸಾರಿನವರು ಕತ್ತರಿಸಿದ ಕಿಂಡಿಗಳೂ ಕಪ್ಪಾಗಿ ಸ್ಪಷ್ಟ ತೋರುತ್ತವೆ. ಬಿಳಿಯ ಮೇಲಾದರೆ ಅಲ್ಲಿ ಏನೂ ಬರೆದಿರಲಿಲ್ಲ ಎಂಬ ಭ್ರಮೆ. ಎರಡನೇ ಮಹಾಯುದ್ಧದ ಅಮೆರಿಕನ್ ವಿ-ಮೇಲ್ ಸಿಕ್ಕರೆ ಅದು ಮೂಲ ಪತ್ರವಲ್ಲ, ಮೈಕ್ರೋಫಿಲ್ಮಿನಿಂದ ಕಿರಿದಾಗಿ ಅಚ್ಚು ಹಾಕಿದ ಫೋಟೊ ಪ್ರತಿ. ಅಕ್ಷರ ಸಣ್ಣವು, 600ಕ್ಕಿಂತ ಕೆಳಗಿಳಿಯಬೇಡಿ.

ಪತ್ರ ಬಿಡಿಸುವ ಮುಂಚೆ ರಬ್ಬರ್ ಬ್ಯಾಂಡು, ತುಕ್ಕು ಹಿಡಿದ ಗುಂಡುಸೂಜಿ ತೆಗೆಯಿರಿ. ಮಡಿಕೆ ಹೋಗಲಿ ಎಂದು ಇಸ್ತ್ರಿ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಭಾರದ ಪುಸ್ತಕದ ಕೆಳಗೆ ಕೆಲವು ದಿನ ಇದ್ದರೆ ತಾನೇ ಚಪ್ಪಟೆಯಾಗುತ್ತದೆ. ಲಕೋಟೆಯನ್ನು ಪತ್ರದಿಂದ ಎಂದೂ ಬೇರ್ಪಡಿಸಬೇಡಿ. ಅದರ ಎರಡೂ ಮಗ್ಗುಲು ಸ್ಕ್ಯಾನ್ ಆಗಬೇಕು: ಮುಂದೆ ಅಜ್ಜಿಯ ಅಂದಿನ ವಿಳಾಸ, ಆ ವಿಳಾಸ ಹೊಡೆದುಹಾಕಿ ಅಂಚೆಯವರು ಬರೆದ ಹೊಸ ವಿಳಾಸ, ಹಿಂದೆ ತಲುಪಿದ ಊರಿನ ಮುದ್ರೆ. ಇಂಥ ಮೂವತ್ತು ಲಕೋಟೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಅವರು ಮನೆ ಬದಲಿಸಿದ ಪಟ್ಟಿ ಹೆಚ್ಚುಕಡಿಮೆ ಸಿದ್ಧ. ಕಡತದ ಹೆಸರಿನಲ್ಲಿ ಕಟ್ಟಿನ ಸಂಖ್ಯೆ, ವಸ್ತುವಿನ ಸಂಖ್ಯೆ, ಕೊನೆಗೆ ‘ಮು’ ಅಥವಾ ‘ಹಿಂ’ ಇದ್ದರೆ ಸಾಕು. ಊಹೆಯ ವರ್ಷವನ್ನು ಹೆಸರಿಗೆ ಸೇರಿಸಬೇಡಿ, ಊಹೆ ಬದಲಾದಾಗ ಹೆಸರು ಸುಳ್ಳಾಗುತ್ತದೆ.

ಸ್ಲೈಡ್, ನೆಗೆಟಿವ್ ವಿಷಯದಲ್ಲಿ ವಿ600 ಪಾಸು, ಮೊದಲ ದರ್ಜೆಯಲ್ಲ. ಒಂದು ಸಲಕ್ಕೆ ನಾಲ್ಕು ಸ್ಲೈಡ್, ಇಲ್ಲವೇ ಆರಾರು ಚೌಕಟ್ಟಿನ ಎರಡು ಪಟ್ಟಿ. ಇನ್ನೂರು ಸ್ಲೈಡ್ ಇದ್ದರೆ ಐವತ್ತು ಸಲ ಮುಚ್ಚಳ ಎತ್ತಬೇಕು. ಡಿಜಿಟಲ್ ಐಸ್ ಎಂಬ ಸೌಲಭ್ಯ ಅತಿಗೆಂಪು ಕಿರಣದಿಂದ ಫಿಲ್ಮಿನ ಗೀರು, ದೂಳು ಪತ್ತೆಹಚ್ಚಿ ಅಳಿಸುತ್ತದೆ. ಸಾಮಾನ್ಯ ಬಣ್ಣದ ನೆಗೆಟಿವಿಗೆ ಸೊಗಸು. ಕಪ್ಪು-ಬಿಳುಪು ನೆಗೆಟಿವಿನಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಅತಿಗೆಂಪು ಕಿರಣವನ್ನು ಬೆಳ್ಳಿಯೂ ತಡೆಯುವುದರಿಂದ ಯಂತ್ರ ಚಿತ್ರವನ್ನೇ ಕೊಳೆ ಎಂದು ತಿಳಿದು ಮುಖ ಕೆಡಿಸುತ್ತದೆ. ಕೊಡಾಕ್ ಕಂಪನಿಯ ಹಳೆಯ ಬಣ್ಣದ ಫಿಲ್ಮಾದ ಕೊಡಾಕ್ರೋಮ್ ಸ್ಲೈಡಿಗೂ ಇದು ನಂಬಿಕೆಗೆ ಅರ್ಹವಲ್ಲ. ಎರಡಕ್ಕೂ ಐಸ್ ಬಂದ್ ಮಾಡಿ, ರಬ್ಬರ್ ಬ್ಲೋಯರಿನಿಂದ ದೂಳು ಊದಿ. ಬಾಯಿಂದ ಊದಿದರೆ ಉಗುಳು ಹಾರುತ್ತದೆ.

ಇದರ ಕೈಯಲ್ಲಾಗದ್ದೂ ಇದೆ. ಹಳೆಯ ಕಪ್ಪು-ಬಿಳುಪು ಚಿತ್ರದ ಕಪ್ಪು ಭಾಗದಲ್ಲಿ ನೀಲಿ ಕನ್ನಡಿಯಂಥ ಹೊಳಪು ಬಂದಿದ್ದರೆ, ಒಳಗಿನ ಬೆಳ್ಳಿ ಮೇಲಕ್ಕೆ ಬಂದಿದೆ ಎಂದರ್ಥ. ಸ್ಕ್ಯಾನರಿನ ಓರೆ ಬೆಳಕಿನಲ್ಲಿ ಅದು ಮಂಜಿನಂತೆ ಕಾಣುತ್ತದೆ. ಅಂಥವನ್ನು ಧ್ರುವೀಕರಿಸಿದ ಬೆಳಕಿನಲ್ಲಿ ಕ್ಯಾಮೆರಾದಿಂದ ತೆಗೆಯುವುದೇ ದಾರಿ. 1970ರ ದಶಕದ ಜೇನುಗೂಡಿನಂಥ ತರಿತರಿ ಕಾಗದದ ಫೋಟೊಗಳಿಗೆ ಒಂದು ಉಪಾಯ ಉಂಟು: ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿ, ಎರಡನ್ನೂ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ತರಿ ಬಹಳ ಮಟ್ಟಿಗೆ ಇಳಿಯುತ್ತದೆ. ಅಂಟಿನ ಪುಟದ ಆಲ್ಬಮ್ಮಿನಿಂದ ಫೋಟೊ ಕೀಳಬೇಡಿ. ಮೇಣವಿಲ್ಲದ ಹಲ್ಲಿನ ದಾರವನ್ನು ಕೆಳಗೆ ತೂರಿಸಿ ಗರಗಸದಂತೆ ಮೆಲ್ಲಗೆ ಎಳೆದು ನೋಡಿ, ಬರದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ. ಗಾಜು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗಲ್ಲ. ಅಂಚಿನಿಂದ ಒಳಗಿಳಿದರೆ ಆ ಕಲೆ ಎಲ್ಲ ಚಿತ್ರದಲ್ಲೂ ಬರುತ್ತದೆ.

ಟ್ರಂಕಿನಲ್ಲಿ ಚಪ್ಪಟೆ ಪತ್ರಗಳಷ್ಟೇ ಇದ್ದು ಫಿಲ್ಮೇ ಇಲ್ಲದಿದ್ದರೆ ಇಷ್ಟು ದೊಡ್ಡ ಯಂತ್ರ ಬೇಕಿಲ್ಲ, ಅದೇ ಕಂಪನಿಯ ವಿ39ರಂಥ ತೆಳು ಸ್ಕ್ಯಾನರ್ ಸಾಕು. ಸುರುಳಿ ಫೋಟೊ, ನೆಗೆಟಿವ್, ಪದಕ ಎಲ್ಲ ಕಲೆತಿದ್ದರೆ ವಿ600 ಕೊಟ್ಟ ಹಣಕ್ಕೆ ಮೋಸವಿಲ್ಲ.

ಪ್ರಾರ್ಥನಾ ಪುಸ್ತಕವನ್ನು ಮಾತ್ರ ಯಾವ ಗಾಜಿನ ಮೇಲೂ ಬೋರಲು ಹಾಕಬೇಡಿ. ಐವತ್ತು ವರ್ಷ ದಿನಕ್ಕೆರಡು ಸಲ ತೆರೆದ ಪುಸ್ತಕದ ಬೆನ್ನು ಒಂದೇ ಸಲ ಒತ್ತಿದರೆ ಮುರಿಯುತ್ತದೆ. ಎರಡು ದಿಂಬುಗಳ ನಡುವೆ ಒಂದು ಮೂಲೆಯಷ್ಟೇ, ಅಂದರೆ 90 ಡಿಗ್ರಿಯ ಆಸುಪಾಸು ತೆರೆದಿಟ್ಟು, ಮೊದಲು ಬಲಗಡೆಯ ಪುಟಗಳನ್ನೆಲ್ಲ, ಆಮೇಲೆ ಎಡಗಡೆಯವನ್ನೆಲ್ಲ ಕ್ಯಾಮೆರಾದಿಂದ ತೆಗೆಯಿರಿ. ರಕ್ಷಾಪುಟದಲ್ಲಿ ಹುಟ್ಟು-ಸಾವಿನ ತಾರೀಖು ಬರೆದಿರಬಹುದು, ಅಂಚಿನ ಗೆರೆಗಳ ಶಾಯಿ ಬೇರೆಬೇರೆ ಕಾಲದ್ದಿರಬಹುದು. ನಡುವೆ ಇಟ್ಟ ಚೀಟಿ, ಒಣಗಿದ ಹೂವು, ಗಂಡನ ಸಣ್ಣ ಫೋಟೊ ಏನೇ ಇರಲಿ, ಅದನ್ನು ಅಲ್ಲೇ ಇಟ್ಟು ಒಂದು ಚಿತ್ರ ತೆಗೆದು, ಪುಟದ ಸಂಖ್ಯೆ ಬರೆದುಕೊಂಡು, ಆಮೇಲಷ್ಟೇ ಎತ್ತಿ. ಯಾವ ಪ್ರಾರ್ಥನೆಯ ಎದುರು ಆ ಫೋಟೊ ಇತ್ತು ಎಂಬುದು ಬೇರೆಲ್ಲೂ ಬರೆದಿರುವುದಿಲ್ಲ. ಸ್ಕ್ಯಾನ್ ಆದ ಮೇಲೆ ಅದೇ ಪುಟಕ್ಕೆ ವಾಪಸ್ ಇಡಿ.