4ಎಸ್ ಹಾಕೋ ಮುಂಚೆ ಇಎಸ್‌ಸಿ ಒಳಗಿನ ಬಿಇಸಿ ಯಾವುದು ಅಂತ ನೋಡ್ಕೊಳ್ಳಿ

ಏಪ್ರಿಲ್ ಬಿಸಿಲು, ಬತ್ತಿದ ಕೆರೆ ಅಂಗಳ. ಎರಡು ವರ್ಷದಿಂದ 3ಎಸ್ ಲೈಪೋದಲ್ಲಿ (ಮೂರು ಸೆಲ್‌ನ ಲಿಥಿಯಂ ಬ್ಯಾಟರಿ) ಹಾರಿಸುತ್ತಿದ್ದ ರಿಮೋಟ್ ಫೋಮ್ ವಿಮಾನಕ್ಕೆ ಅವತ್ತು ಮೊದಲ ಸಲ 4ಎಸ್, ಅಂದರೆ ನಾಲ್ಕು ಸೆಲ್‌ನದು, ಹಾಕಿದ್ದೆ. ಸುಮ್ನೆ ಹಾಕಿದ್ದಲ್ಲ, ಪ್ರೊಪೆಲ್ಲರ್ ಚಿಕ್ಕದು ಮಾಡಿ, ವ್ಯಾಟ್ ಮೀಟರ್ ಕಟ್ಟಿ, ಪೂರ್ತಿ ಥ್ರಾಟಲ್‌ಗೆ 26 ಆಂಪ್ ಅಂತ ನೋಡಿಕೊಂಡೇ ಹೊರಟಿದ್ದೆ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ 30 ಆಂಪಿನದು, ಮೇಲೆ 2ರಿಂದ 4ಎಸ್ ಅಂತ ಬರೆದೂ ಇತ್ತು. ಇನ್ನೇನು ಬೇಕು ಅಲ್ವಾ?

ನಾಲ್ಕು ನಿಮಿಷ ಚೆನ್ನಾಗಿ ಹಾರಿತು. ಇಳಿಸೋಣ ಅಂತ ಥ್ರಾಟಲ್ ತಗ್ಗಿಸಿ ಫ್ಲ್ಯಾಪ್ ಬಿಟ್ಟೆ, ಕೊನೆ ತಿರುವಿನಲ್ಲಿ ಸ್ಟಿಕ್ ಎಳೆದರೆ ಏನೂ ಇಲ್ಲ. ಮೋಟಾರೂ ನಿಂತಿತು. ನೇರ ಹೋಗಿ ಕೆರೆ ಏರಿಗೆ ಬಡಿಯಿತು.

ವಿಚಿತ್ರ ಅಂದ್ರೆ, ನಾನು ಹತ್ತಿರ ಹೋಗುವಷ್ಟರಲ್ಲಿ ಸರ್ವೋಗಳೆಲ್ಲ (ರೆಕ್ಕೆ, ಬಾಲದ ಫಲಕ ಆಡಿಸುವ ಪುಟ್ಟ ಮೋಟಾರುಗಳು) ಸರಿಯಾಗಿ ಆಡುತ್ತಿದ್ದವು! ಅಂಗಡಿಯವರು "ಎಲ್ಲಾ ಚೆನ್ನಾಗಿದೆ ಸರ್, ನಿಮ್ಮ ಕೈ ತಪ್ಪಿರಬೇಕು" ಅಂದರು. ಒಂದು ವಾರ ನಾನೂ ಹಾಗೇ ನಂಬಿದ್ದೆ.

ಆಮೇಲೆ ಮನೆಯಲ್ಲಿ ಪ್ರೊಪೆಲ್ಲರ್ ಬಿಚ್ಚಿಟ್ಟು, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಖಾಲಿ ಚಾನಲ್‌ಗೆ ಮಲ್ಟಿಮೀಟರ್ ಕೊಟ್ಟು, ಫ್ಲ್ಯಾಪಿನ ಎರಡೂ ಸೇರಿ ಆರು ಸರ್ವೋಗಳನ್ನು ಬಿಡದೆ ಆಡಿಸಿದೆ. ಮೂರನೇ ನಿಮಿಷಕ್ಕೆ ಅಲ್ಲಿಗೆ ಬರುತ್ತಿದ್ದ 5 ವೋಲ್ಟ್ ಕುಸಿದು ರಿಸೀವರ್ ಲೈಟ್ ಆರಿತು. ಇಎಸ್‌ಸಿ ಮುಟ್ಟಿದರೆ ಬೆರಳು ಚುರ್ ಅಂತು. ತಣ್ಣಗಾದ ಮೇಲೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಮತ್ತೆ ಶುರು.

ಬ್ಯಾಟರಿ ವೋಲ್ಟೇಜನ್ನು ತಗ್ಗಿಸಿ ರಿಸೀವರ್, ಸರ್ವೋಗಳಿಗೆ 5 ವೋಲ್ಟ್ ಕೊಡೋದು ಇಎಸ್‌ಸಿ ಒಳಗಿನ ಬಿಇಸಿ. ನನ್ನದರಲ್ಲಿ ಇದ್ದದ್ದು ಲೀನಿಯರ್ ಬಿಇಸಿ. ಬೇಡದ ವೋಲ್ಟೇಜನ್ನೆಲ್ಲ ಅದು ಶಾಖ ಮಾಡಿ ಕಳೆಯುತ್ತದೆ. ಪೂರ್ತಿ ಚಾರ್ಜ್ ಆದ 3ಎಸ್ 12.6 ವೋಲ್ಟ್, 5 ಕಳೆದರೆ 7.6. ಸರ್ವೋಗಳು 1 ಆಂಪ್ ಎಳೆದರೆ 7.6 ವ್ಯಾಟ್ ಶಾಖ. 4ಎಸ್ ಅಂದರೆ 16.8 ವೋಲ್ಟ್, ಶಾಖ 11.8 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್‌ನ ಸುಮಾರು ಅರ್ಧ, ಅದೂ ಗಾಳಿ ಆಡದ ಫೋಮ್ ಗೂಡಿನೊಳಗೆ! "5 ವೋಲ್ಟ್ 2 ಆಂಪ್" ಅಂತ ಬರೆದಿರುತ್ತಾರಲ್ಲ, 4ಎಸ್‌ನಲ್ಲಿ ಅಷ್ಟು ಸಿಗುತ್ತೆ ಅಂತ ನಂಬಬೇಡಿ. ಜೊತೆಗೆ ಬಂದ ಚೀಟಿಯಲ್ಲಿ 4ಎಸ್‌ಗೆ ಎರಡೇ ಸರ್ವೋ ಅಂತ ಸಣ್ಣಕ್ಷರದಲ್ಲಿ ಇತ್ತು. ನಾನು ಓದಿದ್ದು ಬಿದ್ದ ಮೇಲೆ.

ಈಗ 5 ವೋಲ್ಟ್ 3 ಆಂಪಿನ ಸ್ವಿಚಿಂಗ್ ಯುಬಿಇಸಿ (ವೋಲ್ಟೇಜನ್ನು ಹಾಗೆ ಶಾಖ ಮಾಡಿ ಕಳೆಯದ, ಇಎಸ್‌ಸಿ ಹೊರಗಿನ ಬಿಇಸಿ) ಬೇರೆಯಾಗಿ ಹಾಕಿದ್ದೇನೆ. ಹಾಕುವಾಗ ಇಎಸ್‌ಸಿಯಿಂದ ರಿಸೀವರ್‌ಗೆ ಹೋಗುವ ನಡುವಿನ ಕೆಂಪು ವೈರನ್ನು ಪ್ಲಗ್ಗಿನಿಂದ ಹೊರಗೆಳೆದು ಟೇಪ್ ಸುತ್ತಿ, ಇಲ್ಲದಿದ್ದರೆ ಎರಡು ಬಿಇಸಿ ಒಂದಕ್ಕೊಂದು ಗುದ್ದಾಡುತ್ತವೆ. ಉಳಿದೆರಡು ವೈರ್ ಇರಲಿ. "ರಿಸೀವರ್‌ಗೆ ನೇರ 2ಎಸ್ ಕೊಟ್ಟುಬಿಡಿ" ಅಂತ ಒಬ್ಬರು ಹೇಳಿದರು. ಚಾರ್ಜ್ ತುಂಬಿದಾಗ ಅದು 8.4 ವೋಲ್ಟ್, ನನ್ನ ಸರ್ವೋಗಳು 6ರವರೆಗಿನವು, ಸುಟ್ಟೇ ಹೋಗುತ್ತಿದ್ದವು.

ಅದೇ ಪರೀಕ್ಷೆ ಈಗ ಹದಿನೈದು ನಿಮಿಷ ಮಾಡಿದರೂ ಮೀಟರ್ 5ರಿಂದ ಅಲುಗುವುದಿಲ್ಲ. ಮುರಿದ ಮೂಗನ್ನು ಮಾತ್ರ ಇನ್ನೂ ಅಂಟಿಸಿಲ್ಲ.